ಊರಿಗೊಂದು ಚಮಚ

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಗಾಳೆಮ್ಮ ಕಂಡಕ್ಟರ್ ಆಗಿದ್ದಳು. ಆ ಬಸ್ಸು ಹತ್ತಿದವರು ಪ್ರಯಾಣಕ್ಕೆ ಟಿಕೆಟ್ ತೆಗೆಯಬೇಕಿತ್ತು. ಆಕೆಯ ಮೈ ಬಗ್ಗೆ ಮಾತಾಡುವುದಕ್ಕೆ ಏನೂ ತೆಗೆಯಬೇಕಿರಲಿಲ್ಲ.

“ಹಿಂದಿನ ಟೈರು ಕುಂತೈತಿ ನೋಡ್ರಲೇ, ಕಂಡಕ್ಟ್ರಮ್ಮ ಹತ್ತಿದ್ಲು ಅಂತ ಕಾಣ್ತೈತಿ,” ಎಂದು ಹಿಂದಿನ ಸೀಟಿನಿಂದ ಯಾವನೋ ಕೂಗುತ್ತಿದ್ದ.

“ಟೈರು ಕುಂತ್ರೂ ಬಸ್ಸು ಓಡತೈತಿ. ನೀ ನಿಂತಿದ್ರೂ ದುಡಿಯಾಕ ಹೋಗಂಗಿಲ್ಲ. ಚಿಲ್ಲರ ತಗಿ,” ಎಂದು ಗಾಳೆಮ್ಮ ಅನ್ನುತ್ತಿದ್ದಳು.

ಬಸ್ಸೆಲ್ಲ ನಗುತ್ತಿತ್ತು. ಆಕೆಯೂ ನಗುತ್ತಿದ್ದಳು.

ಆ ನಗು ಡಿಪೋದವರೆಗೆ ಬರುತ್ತಿರಲಿಲ್ಲ ಎಂಬುದು ಪಂಪಾವತಿಗೆ ಗೊತ್ತಿತ್ತು. ಪಂಪಾವತಿಯೂ ಅದೇ ಡಿಪೋದ ಕಂಡಕ್ಟರ್, ಹಂಪಿಯ ರೂಟು. ವಿರೂಪಾಕ್ಷನ ಗುಡಿಗೆ ಹೋಗುವ ಭಕ್ತರನ್ನೂ ಬೆನ್ನಿಗೆ ಮೂಟೆ ಕಟ್ಟಿಕೊಂಡ ಪ್ರವಾಸಿಗರನ್ನೂ ಇಳಿಸಿ ಹತ್ತಿಸಿ, ನಡುವೆ ಬಿಡುವಾದಾಗ ಲೈಬ್ರರಿಯ ಪುಸ್ತಕ ತೆರೆದು ಕೂರುವವಳು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಡಿಪೋದಲ್ಲಿ ಹೆಂಗಸರಿಗೆಂದು ಇದ್ದ ಸಣ್ಣ ಕೋಣೆಯಲ್ಲಿ ಮಧ್ಯಾಹ್ನ ಇಬ್ಬರೂ ಒಂದೇ ಚಾಪೆಯ ಮೇಲೆ ಉರುಳುತ್ತಿದ್ದರು.

“ಹಿಟ್ಟು ನಾದಿದಂಗ ನಾದ್ತಾರಬೇ ಪಂಪಿ,” ಎಂದು ಗಾಳೆಮ್ಮ ಒಂದು ದಿನ ಹೇಳಿದ್ದಳು. “ಗದ್ದಲದಾಗ ಸೀಟಿನ ನಡುವ ಸಿಕ್ಕೊಂಡಿರ್ತೀನಲ್ಲ, ಹಿಂದ ಕೈ ಬರತೈತಿ. ತಿರುಗಾಕ ಜಾಗ ಇರಂಗಿಲ್ಲ. ತಿರುಗಿ ನೋಡೂದ್ರಾಗ ಎಲ್ಲಾ ಗಂಡಸ್ರೂ ಕಿಟಕಿಯಾಗಿಂದ ಬಾಳಿ ತ್ವಾಟ ನೋಡ್ತಿರ್ತಾರ.”

ಆ ಬಸ್ಸಿನ ಗಂಡಸರಲ್ಲಿ ಅರ್ಧದಷ್ಟು ಮಂದಿ ಪಂಪಾವತಿಗೆ ಪರಿಚಯದವರು. ಎದುರಿಗೆ ಸಿಕ್ಕರೆ “ಅಕ್ಕಾ ಆರಾಮಾ” ಅನ್ನುವವರು.

ಗಾಳೆಮ್ಮನಿಗೆ ಆ ಕೈಗಳಿಗಿಂತ ತನ್ನ ಮೈ ಮೇಲೆಯೇ ಹೆಚ್ಚು ಅಸಹ್ಯವಿತ್ತು. ಕೋಣೆಯ ಬಾಗಿಲು ಹಾಕಿಕೊಂಡು ಕುಪ್ಪಸ ಎತ್ತಿ, ಹೊಟ್ಟೆಯ ಮಡಿಕೆಗಳ ನಡುವೆ ಬೆವರಿಗೆ ಕೆಂಪಗೆ ಹುಣ್ಣಾದ ಚರ್ಮಕ್ಕೆ ಪೌಡರ್ ಸುರಿದುಕೊಳ್ಳುತ್ತಿದ್ದಳು. ಅದೇ ಹೊಟ್ಟೆಗೆ ಬೆಳಿಗ್ಗೆ ರಾತ್ರಿ ಇನ್ಸುಲಿನ್ ಸೂಜಿ. ಸೂಜಿ ಚುಚ್ಚಿದಲ್ಲೆಲ್ಲ ನೀಲಿ ಕಲೆ. ಬಿಪಿಗೆ ಎರಡು ಥರದ ಗುಳಿಗೆ. ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತಿತ್ತು. ಮಲಗಿದರೆ ಗೊರಕೆ ಕೋಣೆಯ ತಗಡನ್ನು ನಡುಗಿಸುತ್ತಿತ್ತು, ಇದ್ದಕ್ಕಿದ್ದಂತೆ ನಿಂತೂ ಹೋಗುತ್ತಿತ್ತು. ಪಂಪಾವತಿ ಪುಸ್ತಕ ಬಿಟ್ಟು ಎದ್ದು ಕೂತು, ಉಸಿರು ಮತ್ತೆ ಬರುವುದನ್ನೇ ಕಾಯುತ್ತಿದ್ದಳು. ಮುಳುಗಿದವರು ನೀರಿನಿಂದ ಮೇಲೆ ಬಂದಂತೆ ದೊಡ್ಡ ಸದ್ದು ಮಾಡಿ ಗಾಳೆಮ್ಮ ಉಸಿರೆಳೆದುಕೊಳ್ಳುತ್ತಿದ್ದಳು. ಹೀಗೆ ಮಲಗಿ ಎದ್ದವಳಿಗೆ ನಿದ್ದೆಯೇ ಆಗಿರುತ್ತಿರಲಿಲ್ಲ. ಟಿಕೆಟ್ ಮಷೀನು ಕೈಯಲ್ಲಿ ಹಿಡಿದುಕೊಂಡೇ, ನಿಂತಲ್ಲೇ ತೂಕಡಿಸುತ್ತಿದ್ದಳು.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಆಕೆಯ ಕಷ್ಟ ಹೆಚ್ಚಿತು. ದುಡ್ಡಿಲ್ಲದಿದ್ದರೂ ಪ್ರತಿಯೊಬ್ಬಳಿಗೂ ಸೊನ್ನೆಯ ಟಿಕೆಟ್ ಹರಿದು ಕೊಡಲೇಬೇಕು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಗಾಳೆಮ್ಮ ನಡುವಿನ ಬಾಗಿಲು ದಾಟಿ ಹಿಂದಕ್ಕೆ ಹೋಗಲಾರದಾದಳು. ರಾಮಸಾಗರದಲ್ಲಿ ಚೆಕಿಂಗಿನವರು ಹತ್ತಿದರು. ಹಿಂದಿನ ಸೀಟಿನ ಹೆಂಗಸರ ಕೈಯಲ್ಲಿ ಟಿಕೆಟ್ ಇಲ್ಲ. ಮೆಮೊ ಕೊಟ್ಟರು. ಮತ್ತೊಮ್ಮೆ ಕೊಟ್ಟರು. ಬಸ್ಸಿನ ಕೆಲಸ ಆಗದಿದ್ದರೆ ಡಿಪೋ ಕಸ ಹೊಡೆಯುವ ಕೆಲಸಕ್ಕೆ ಹಾಕುತ್ತೇವೆ ಎಂದು ಸಾಹೇಬರು ಮೆತ್ತಗೆ ಹೇಳಿದರು. ಅವರು ಹೇಳುವಾಗ ಆಕೆಯ ಮುಖ ನೋಡಲಿಲ್ಲ, ಹೊಟ್ಟೆ ನೋಡುತ್ತಿದ್ದರು.

ಮೊಣಕಾಲಿನ ಡಾಕ್ಟರು ತೂಕ ಇಳಿಯದೆ ಕಾಲು ಮುಟ್ಟುವುದಿಲ್ಲ ಎಂದರು. ಉಪವಾಸ ಮಾಡಿದ್ದಳು, ರೊಟ್ಟಿ ಬಿಟ್ಟು ನವಣೆ ತಿಂದಿದ್ದಳು, ಜಂಬುನಾಥನ ಗುಡ್ಡ ಹತ್ತಲು ಹೋಗಿ ಅರ್ಧ ದಾರಿಯಲ್ಲಿ ಕೂತು ಅತ್ತಿದ್ದಳು. ಕೊನೆಗೆ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಗೆ ಹೋಗಿ ಬಂದಳು. ಬಂದ ದಿನ ಚಾಪೆಯ ಮೇಲೆ ಕೂತು ಪಂಪಾವತಿಗೆ ವಿವರಿಸಿದಳು.

“ಹೊಟ್ಟಿ ಒಂದು ನಿಂಬಿಹಣ್ಣಿನಷ್ಟು ಮಾಡ್ತಾರಂತಬೇ. ಆಮ್ಯಾಲ ಕರಳಿಗಿ ಬೈಪಾಸು. ಉಂಡದ್ದು ಊರೊಳಗ ಹೋಗಂಗಿಲ್ಲ, ಹೊರಗಿಂದ ಹೊರಗ ಹೊಂಟೋಗತೈತಿ.”

“ಭಯ ಆಗಂಗಿಲ್ಲೇನು?”

“ಭಯ ಯಾಕ ಆಗಂಗಿಲ್ಲ? ಆದ್ರ ಸಕ್ಕರಿ ಇಳಿತೈತಂತ, ಬಿಪಿ ಇಳಿತೈತಂತ, ಉಸುರು ನಿಲ್ಲೂದು ಹೋಗ್ತೈತಂತ. ನಾ ಹಿಂದಿನ ಸೀಟಿನ ತನಕ ಹೋಗಬೇಕು ಪಂಪಿ. ಅಷ್ಟಾದ್ರ ಸಾಕು.”

ಮನೆ ಕಂಪ್ಲಿಯಲ್ಲಿ. ಗಂಡ ಸುಂಕಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ, ಸಾಧು ಮನುಷ್ಯ. ಎಷ್ಟು ಸಾಧುವೆಂದರೆ ಮನೆಯಲ್ಲಿ ಅವನು ಏನು ಹೇಳಿದನೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಅವನ ಅಣ್ಣನ ಹೆಂಡತಿ ಉಚ್ಚೆಂಗಮ್ಮ ಪಕ್ಕದ ಮನೆ. ಮಾತೆಲ್ಲ ಅವಳದೇ.

“ದೇವರು ಕೊಟ್ಟ ಹೊಟ್ಟಿ ಯಾರಾದ್ರೂ ಕೊಯ್ಸಿಕೊಂತಾರೇನಬೇ? ಮೈ ಕೈ ತುಂಬಿಕೊಂಡು ಲಕ್ಷ್ಮಿ ಇದ್ದಂಗ ಅದೀ,” ಎಂದಳು ಉಚ್ಚೆಂಗಮ್ಮ. ಇದೇ ಬಾಯಿ, ಮದುವೆಯ ಮನೆಗಳಲ್ಲಿ ಗಾಳೆಮ್ಮ ಕುರ್ಚಿಯಲ್ಲಿ ಕೂರಲು ಹೋದಾಗ “ಎರಡು ಹಾಕ್ರೋ” ಎಂದು ಕೂಗಿದ್ದನ್ನು ಪಂಪಾವತಿ ಕಿವಿಯಾರೆ ಕೇಳಿದ್ದಳು.

ಆಪರೇಷನ್ ಆಯಿತು. ಆಸ್ಪತ್ರೆಯಿಂದ ಹೊರಡುವ ಹೊತ್ತಿಗೇ ಇನ್ಸುಲಿನ್ ನಿಂತಿತ್ತು. ತೂಕವಿನ್ನೂ ಹಾಗೇ ಇದ್ದಾಗಲೇ ಸಕ್ಕರೆ ಇಳಿದದ್ದನ್ನು ಪಂಪಾವತಿ ನಂಬಲಿಲ್ಲ. ತಾನೇ ಡಾಕ್ಟರನ್ನು ಕೇಳಿದಳು. ಅವರು ಸಣ್ಣ ವಯಸ್ಸಿನವರು, ತಾಳ್ಮೆಯವರು. ಕರುಳಿನ ದಾರಿ ಬದಲಾದರೆ ಮೈಯೊಳಗೆ ಹುಟ್ಟುವ ರಸಗಳೇ ಬದಲಾಗುತ್ತವೆ, ಅದಕ್ಕೇ ಸಕ್ಕರೆ ಮೊದಲು ಇಳಿಯುತ್ತದೆ, ತೂಕ ನಿಧಾನವಾಗಿ ಇಳಿಯುತ್ತದೆ ಎಂದರು.

“ಆದರೆ ಕಾಯಿಲೆ ಸತ್ತಿದೆ ಅಂತ ತಿಳಿಯಬೇಡಿ, ಮಲಗಿದೆ. ಇನ್ನೊಂದು ಮಾತು. ಇವರು ತಿನ್ನೋದು ಕಡಿಮೆ, ಮೈಗೆ ಹತ್ತೋದು ಇನ್ನೂ ಕಡಿಮೆ. ಈ ವಿಟಮಿನ್ ಗುಳಿಗೆ ಬದುಕಿರೋವರೆಗೂ ಬೇಕು. ವಾಂತಿ ಶುರುವಾಗಿ ಎರಡು ದಿನಕ್ಕೆ ನಿಲ್ಲದಿದ್ದರೆ ಬೇರೆಲ್ಲೂ ಹೋಗಬೇಡಿ, ಇಲ್ಲಿಗೇ ಬನ್ನಿ.”

ಸುಂಕಪ್ಪ, ಉಚ್ಚೆಂಗಮ್ಮ, ಮಗಳು ಸ್ನೇಹಾ, ಎಲ್ಲರೂ ಅಲ್ಲೇ ನಿಂತಿದ್ದರು. ಎಲ್ಲರೂ ತಲೆ ಆಡಿಸಿದರು.

ರಜೆ ಮುಗಿಸಿ ಗಾಳೆಮ್ಮ ಕೆಲಸಕ್ಕೆ ಬಂದಾಗ ಊಟದ್ದೇ ಒಂದು ತೊಡಕಾಯಿತು. ಒಮ್ಮೆಗೆ ನಾಲ್ಕು ಚಮಚಕ್ಕಿಂತ ಹೆಚ್ಚು ಇಳಿಯುವುದಿಲ್ಲ. ಅದನ್ನೂ ನುಣ್ಣಗೆ ಅಗಿದು ನುಂಗಬೇಕು, ಊಟದ ಜೊತೆ ನೀರು ಕುಡಿಯುವಂತಿಲ್ಲ. ಬಸ್‌ಸ್ಟ್ಯಾಂಡಿನ ಬಿಡುವು ಸಾಲುತ್ತಿರಲಿಲ್ಲ. ಅದಕ್ಕೆ ಆಕೆಯೇ ಒಂದು ಉಪಾಯ ಕಂಡುಕೊಂಡಳು. ಮುಚ್ಚಳವಿರುವ ಅಂಗೈಯಷ್ಟು ಸ್ಟೀಲ್ ಬಟ್ಟಲಲ್ಲಿ ಬೇಯಿಸಿದ ಹೆಸರುಕಾಳೋ ಹಿಸುಕಿದ ಮೊಟ್ಟೆಯೋ ತುಂಬಿಕೊಂಡು ದುಡ್ಡಿನ ಚೀಲದಲ್ಲಿ ಇಟ್ಟುಕೊಳ್ಳುವುದು, ಊರಿಗೊಂದು ಚಮಚ ತಿನ್ನುವುದು. ಕಮಲಾಪುರದಲ್ಲಿ ಇಳಿಯುವವರು ಇಳಿದ ಮೇಲೆ ಒಂದು. ಬುಕ್ಕಸಾಗರಕ್ಕೊಂದು. ರಾಮಸಾಗರಕ್ಕೊಂದು. ಕಂಪ್ಲಿಯ ಬತ್ತದ ಗದ್ದೆ ಕಾಣುವಾಗ ಇನ್ನೊಂದು.

ದಿನಾ ಬರುವ ಶಾಲೆಯ ಹುಡುಗಿಯರಿಗೆ ಇದು ಆಟವಾಯಿತು. “ಆಂಟಿ, ಬುಕ್ಕಸಾಗರ ಹೋತು, ನೀವು ತಿಂದಿಲ್ಲ!” ಎಂದು ನೆನಪಿಸುತ್ತಿದ್ದರು.

ಮೈ ಇಳಿಯಿತು. ಬಿಪಿಯ ಗುಳಿಗೆ ಒಂದಾಯಿತು, ಆಮೇಲೆ ಅದೂ ನಿಂತಿತು. ಮಧ್ಯಾಹ್ನ ಚಾಪೆಯ ಮೇಲೆ ಗಾಳೆಮ್ಮ ಮಗುವಿನ ಹಾಗೆ ಸದ್ದಿಲ್ಲದೆ ಮಲಗತೊಡಗಿದಳು. ಮೊದಮೊದಲು ಆ ನಿಶ್ಶಬ್ದಕ್ಕೇ ಹೆದರಿ ಪಂಪಾವತಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದ್ದುಂಟು. ಮೊಣಕಾಲು ಮಾತಾಡುವುದು ಬಿಟ್ಟಿತು. ಒಂದು ದಿನ ಬಸ್ಸು ಗಿಜಿಗುಟ್ಟುವಾಗ ಹಿಂದಿನಿಂದ ಹಳೆಯ ಕೈ ಬಂತು. ಈಗ ತಿರುಗಲು ಜಾಗವಿತ್ತು. ಗಾಳೆಮ್ಮ ಮಣಿಕಟ್ಟು ಹಿಡಿದಳು. ಕೈಯ ಒಡೆಯ ಪಂಚೆ ಉಟ್ಟ ದೊಡ್ಡ ಮನುಷ್ಯ, ಊರಲ್ಲಿ ನ್ಯಾಯ ಹೇಳುವವನು.

“ಎಲ್ಲಿಗಿ ಯಪ್ಪಾ ಟಿಕೆಟ್?”

“ಕಂಪ್ಲಿಗವಾ…”

“ಇಲ್ಲ, ಇಲ್ಲೀತನಕ ಬಂದದ್ದ ಸಾಕು,” ಎಂದು ಸೀಟಿ ಊದಿ, ಬಾಳೆ ತೋಟದ ನಡುವೆ ಅವನನ್ನು ಇಳಿಸಿದಳು. ಹೆಂಗಸರು ಚಪ್ಪಾಳೆ ತಟ್ಟಿದರಂತೆ. ಆ ದಿನ ಡಿಪೋಗೆ ಬಂದವಳು ಸುದ್ದಿ ಹೇಳಲಾರದೆ ನಗುತ್ತಲೇ ಇದ್ದಳು. “ಹಿಂದಿನ ಸೀಟಿನ ತನಕ ಹೋಗಿ ಬಂದೆ ಪಂಪಿ, ಸೊನ್ನಿ ಟಿಕೆಟ್ ಒಂದೂ ಬಿಟ್ಟಿಲ್ಲ!”

ಪಂಪಾವತಿ ನೆನಪಿಟ್ಟುಕೊಳ್ಳಬಯಸುವುದು ಆ ನಗುವನ್ನು. ಆದರೆ ಜನ ಅಷ್ಟಕ್ಕೆ ಬಿಡಲಿಲ್ಲ.

ದಪ್ಪಗಿದ್ದಾಗ ನಕ್ಕ ಊರಿಗೆ ಈಗ ತೆಳ್ಳಗಾದದ್ದು ಸಹಿಸಲಾಗಲಿಲ್ಲ. ತೋಳಿನ ಚರ್ಮ ಖಾಲಿ ಚೀಲದಂತೆ ಜೋತಿತ್ತು, ಕೂದಲು ಸ್ವಲ್ಪ ಉದುರಿತ್ತು. ಇದೆಲ್ಲ ಆಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಬಸ್ಸಿನಲ್ಲಿ ಹೆಂಗಸರು ಕೇಳದೆ ಆ ಚರ್ಮ ಹಿಡಿದು ಎಳೆದು ನೋಡುತ್ತಿದ್ದರು, ಸಂತೆಯಲ್ಲಿ ಬಟ್ಟೆ ನೋಡುವ ಹಾಗೆ. “ಅಯ್ಯ, ಏನಾತಬೇ ನಿನಗ?” ಅನ್ನುತ್ತಿದ್ದರು. ಆಕೆ ಮುಂದೆ ಹೋದ ಮೇಲೆ ದನಿ ಇಳಿಸಿ, “ಆ ರೋಗ ಇರಬೇಕು. ಬಸ್ಸಿನ ಕೆಲಸ ನೋಡು, ಊರೂರು ಅಡ್ಡಾಡೂದು,” ಎನ್ನುತ್ತಿದ್ದರು. ಅದೂ ಕೇಳುತ್ತಿತ್ತು. ಕೇಳಲೆಂದೇ ಆಡುತ್ತಿದ್ದರು.

ಸ್ನೇಹಾಳ ಮದುವೆಯ ಮಾತು ಬಂದದ್ದು ಆಗ. ಹುಡುಗ ಮಾರುತೇಶ್ ಸಂಡೂರಿನವನು, ಗಣಿಯಲ್ಲಿ ಲೋಡರ್ ಓಡಿಸುವವನು. ಸ್ನೇಹಾ ಹೊಸಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಫೋನು ರಿಪೇರಿಗೆ ತಂದವನು ರಿಪೇರಿಯಾದ ಮೇಲೂ ಬರುತ್ತಿದ್ದ. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ತಾಯಿ ಯಮನಮ್ಮನ ಕಿವಿಗೆ ಬಸ್ಸಿನ ಮಾತು ಬಿದ್ದಿತ್ತು. ಹುಡುಗಿಯ ತಾಯಿಗೆ ಏನೋ ದೊಡ್ಡ ರೋಗವಂತೆ, ವಿಚಾರಿಸದೆ ಮುಂದೆ ಹೋಗುವುದಿಲ್ಲ ಎಂದಳಂತೆ.

“ಇದ್ದದ್ದು ಹೇಳಿಬಿಡ್ರಿ. ತೂಕದ ಆಪರೇಷನ್ ಆಗೈತಿ, ಸಕ್ಕರಿ ಹೋಗೈತಿ, ಆರಾಮ ಅದಾಳ ಅಂತ,” ಎಂದಳು ಪಂಪಾವತಿ.

ಉಚ್ಚೆಂಗಮ್ಮ ಕೈ ತಿರುವಿದಳು. “ಓದಿದಾಕಿ ನೀ. ನಿನಗ ಮಂದಿ ಗೊತ್ತಿಲ್ಲ. ಹೊಟ್ಟಿ ಕೊಯ್ಸ್ಯಾರ ಅಂದ್ರ ಕ್ಯಾನ್ಸರ್ ಅಂತಾರ. ಕೊಬ್ಬು ಇಳಿಸಾಕ ಅಂದ್ರ ನಾಳಿ ಮಗಳೂ ಹಂಗಾ ಊದ್ತಾಳ, ಅಕಿಗೂ ಸಕ್ಕರಿ ಬರತೈತಿ ಅಂತಾರ. ಬಾಯಿ ಮುಚ್ಕೊಂಡು ಒಂದೀಟು ಉಂಡು ತೋರ್ಸಿದ್ರ ಮುಗೀತು. ಉಣ್ಣಾಕಿಗಿ ರೋಗ ಐತಿ ಅಂತ ಯಾರ್ ಅಂತಾರ?”

ಆ ಸೀಮೆಯಲ್ಲಿ ಅದೇ ಪರೀಕ್ಷೆ. ಒಪ್ಪಿಗೆಯಾಗುವ ದಿನ ಬೀಗರ ಮನೆಯ ಸಾಲಿನಲ್ಲಿ ಕೂತು ಉಣ್ಣಬೇಕು. ಅವರು ಒತ್ತಾಯ ಮಾಡಬೇಕು, ಇವರು ಸಾಕು ಸಾಕು ಅನ್ನಬೇಕು, ಅನ್ನುತ್ತಲೇ ಹಾಕಿಸಿಕೊಳ್ಳಬೇಕು. ಕಡಿಮೆ ಉಂಡರೆ ಸಂಬಂಧ ಮನಸ್ಸಿಗೆ ಬಂದಿಲ್ಲವೆಂದು ಅರ್ಥ. ಸಾಲಿನಿಂದ ಮೊದಲು ಎದ್ದರೆ ಮುಗಿದೇ ಹೋಯಿತು.

ಇನ್ನೂ ಒಂದು ಕೆಲಸವನ್ನು ಉಚ್ಚೆಂಗಮ್ಮ ಮಾಡಿದಳು. ಬೀಗರ ಕಡೆಯವರು ಯಾವಾಗ ಬೇಕಾದರೂ ಮನೆಗೆ ಬರಬಹುದೆಂದು, ಗೂಡಿನಲ್ಲಿದ್ದ ಗುಳಿಗೆಗಳ ಡಬ್ಬಿ ಎತ್ತಿ ಅಟ್ಟದ ಮೇಲೆ ಅಕ್ಕಿ ಚೀಲಗಳ ಹಿಂದೆ ಇಟ್ಟಳು. “ಸಕ್ಕರಿನ ಹೋದ ಮ್ಯಾಲ ಗುಳಿಗಿ ಯಾಕ? ಮದುವಿ ಆಗೂಮಟ ತಡಿ.” ಗಾಳೆಮ್ಮ ಒಪ್ಪಿದಳು. ಸಕ್ಕರೆಯ ಗುಳಿಗೆ ಬೇರೆ, ಈ ಗುಳಿಗೆ ಬೇರೆ ಎಂಬುದು ಆಕೆಗೂ ಆ ಮದುವೆಯ ಗಡಿಬಿಡಿಯಲ್ಲಿ ದೊಡ್ಡದಾಗಿ ಕಾಣಲಿಲ್ಲ. ಮೈ ಆರಾಮಿತ್ತು. ಆರಾಮಿದ್ದವರಿಗೆ ಗುಳಿಗೆಯ ನೆನಪು ಯಾಕಾಗಬೇಕು? ಈ ಸಂಗತಿ ಪಂಪಾವತಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಸಂಡೂರಿಗೆ ಪಂಪಾವತಿಯೂ ಹೋಗಿದ್ದಳು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆ. ಬೇವಿನ ಎಲೆಗಳೆಲ್ಲ ಧೂಳಿಗೆ ಕೆಂಪು. ಪಡಸಾಲೆಯಲ್ಲಿ ಸಾಲಾಗಿ ಎಲೆ ಹಾಕಿದ್ದರು. ಗಾಳೆಮ್ಮನ ಪಕ್ಕ ಪಂಪಾವತಿ, ಎದುರಿನ ಸಾಲಿನಲ್ಲಿ ಬೀಗರ ಮಂದಿ. ಯಮನಮ್ಮ ತಾನೇ ಹೋಳಿಗೆಯ ಬುಟ್ಟಿ ಹಿಡಿದು ಬಂದಳು.

“ಬೀಗತಿಯವರು ಭಾಳ ಸೊರಗ್ಯಾರ. ಫೋಟೋದಾಗ ಹಿಂಗಿರಲಿಲ್ಲ.”

“ಬಸ್ಸಿನ ಕೆಲಸರೀ,” ಎಂದಳು ಉಚ್ಚೆಂಗಮ್ಮ. “ನಿಂತ ಕಾಲಮ್ಯಾಲ ಇರ್ತಾಳ. ಹಾಕ್ರಿ ನೀವು, ಆಮ್ಯಾಲ ನೋಡ್ರಿ.”

ಹೋಳಿಗೆ ಬಿತ್ತು. ಅದರ ಮೇಲೆ ಸೌಟಿನಿಂದ ತುಪ್ಪ. ಎದುರಿನ ಸಾಲಿನವರು ತಮ್ಮ ಎಲೆ ಬಿಟ್ಟು ಗಾಳೆಮ್ಮನ ಬಾಯಿಯನ್ನೇ ನೋಡುತ್ತಿದ್ದರು. ಒಬ್ಬ ಮುದುಕ ಬೆರಳಿನಿಂದ ಜಾರುತ್ತಿದ್ದ ತುಪ್ಪವನ್ನು ನೆಕ್ಕಿಕೊಳ್ಳುತ್ತ, ಅಗಿಯುವುದನ್ನೂ ನಿಲ್ಲಿಸದೆ, ದನದ ವ್ಯಾಪಾರದಲ್ಲಿ ಹಲ್ಲು ನೋಡುವವನಂತೆ ನೋಡುತ್ತಿದ್ದ. ಗಾಳೆಮ್ಮ ಒಂದು ತುಣುಕು ಮುರಿದಳು. ಇನ್ನೊಂದು. ಆಕೆ ಎಷ್ಟು ಹೊತ್ತು ಅಗಿಯುತ್ತಾಳೆಂಬುದು ಪಂಪಾವತಿಗೆ ಗೊತ್ತಿತ್ತು. ಅಗಿಯದೆ ನುಂಗುತ್ತಿರುವುದು ಕಂಡಿತು.

“ಆಕಿಗಿ ಅಷ್ಟು ಬ್ಯಾಡ್ರಿ, ಹೊಟ್ಟಿ…” ಎಂದು ಪಂಪಾವತಿ ಬಾಯಿ ತೆರೆದಳು.

ಸೆರಗಿನ ಮರೆಯಿಂದ ಗಾಳೆಮ್ಮನ ಕೈ ಬಂದು ಅವಳ ತೊಡೆಯನ್ನು ಗಟ್ಟಿಯಾಗಿ ಹಿಸುಕಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ಗಾಳೆಮ್ಮ ನಕ್ಕಳು. “ನಾ ಉಣ್ಣೂದು ನೋಡಿ ಈಕಿಗಿ ಹೊಟ್ಟಿಕಿಚ್ಚುರೀ ಬೀಗತಿಯವರ. ಹಾಕ್ರಿ ಇನ್ನೊಂದು.”

ಪಡಸಾಲೆ ನಕ್ಕಿತು. ಇನ್ನೊಂದು ಬಿತ್ತು. ಅನ್ನ ಬಿತ್ತು, ಕಟ್ಟಿನ ಸಾರು ಬಿತ್ತು. ಬಾಗಿಲ ಬಳಿ ನಿಂತಿದ್ದ ಸ್ನೇಹಾಳ ಮುಖ ನೋಡುತ್ತ ಗಾಳೆಮ್ಮ ಸಾಲು ಏಳುವವರೆಗೂ ಕೂತಳು. ಸಾಲು ಎದ್ದ ಮೇಲೆ ಹಿತ್ತಲಿಗೆ ಹೋದಳು. ಮೈಯೆಲ್ಲ ಬೆವರು, ಎದೆ ಬಡಿದುಕೊಳ್ಳುತ್ತಿತ್ತು, ಕಾಲು ನಡುಗುತ್ತಿದ್ದವು. ಬಚ್ಚಲಲ್ಲಿ ಮೇಲೂ ಹೋಯಿತು, ಕೆಳಗೂ ಹೋಯಿತು. ಪಂಪಾವತಿ ತಲೆ ಹಿಡಿದುಕೊಂಡಳು, ನೀರು ಹಾಕಿ ಎಲ್ಲವನ್ನೂ ತೊಳೆದಳು. ಹೊರಗೆ ಉಚ್ಚೆಂಗಮ್ಮ, “ಬಿಸಲಿಗಿರೀ, ಬಿಸಲಿಗಿ. ಸಂಡೂರ ಬಿಸಲು,” ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ಒಳಗೆ ಎಲೆ ಅಡಿಕೆ ಹಂಚುತ್ತಿದ್ದರು. ಸಂಬಂಧ ಗಟ್ಟಿಯಾಗಿತ್ತು.

ಒಂದೇ ಊಟವಾಗಿದ್ದರೆ ಬಹುಶಃ ತಡೆಯುತ್ತಿತ್ತು. ಸೀರೆ ಜವಳಿಗೆಂದು ಬೀಗರು ಬಂದರು, ಉಂಡರು, ಉಣಿಸಿದರು. ಹುಡುಗನ ಸೋದರತ್ತೆಯರು ಹೆಣ್ಣು ನೋಡಲು ಬಂದರು, ಉಂಡರು, ಉಣಿಸಿದರು. ಪ್ರತಿ ಸಲವೂ ಗಾಳೆಮ್ಮ ಎಲ್ಲರೆದುರು ನುಂಗಿ ಹಿತ್ತಲಿಗೆ ಹೋಗಿ ಕಕ್ಕಿಕೊಂಡಳು. ನಿಂಬೆಯಷ್ಟಿದ್ದ ಹೊಟ್ಟೆ ಬಾತಿತ್ತೋ ಏನೋ, ಆಮೇಲೆ ಊರಿಗೊಂದು ಚಮಚವೂ ನಿಲ್ಲದಾಯಿತು. ಬಸ್ಸಿನ ಹುಡುಗಿಯರು “ಆಂಟಿ, ಕಮಲಾಪುರ ಹೋತು” ಎಂದರೆ ಬಟ್ಟಲು ತೆರೆದು, ವಾಸನೆಗೇ ಮುಖ ತಿರುಗಿಸಿ ಮುಚ್ಚುತ್ತಿದ್ದಳು.

“ಹುಬ್ಬಳ್ಳಿಗಿ ಹೋಗೂಣು, ಏಳು,” ಎಂದು ಪಂಪಾವತಿ ಡಿಪೋದ ಕೋಣೆಯಲ್ಲಿ ಜಗಳ ತೆಗೆದಳು.

“ಈಗ ಆಸ್ಪತ್ರಿಗಿ ಹೋದ್ರ ಸುದ್ದಿ ಸಂಡೂರಿಗಿ ಮುಟ್ಟತೈತಿ. ಮದುವಿ ಒಂದು ಮುಗೀಲಿ ಪಂಪಿ. ನಾನ ನಿನ್ನ ಕರಕೊಂಡು ಹೊಕ್ಕೀನಿ.”

“ಗುಳಿಗಿ ತಗೊಂತೀ ಇಲ್ಲೋ?”

“ತಗೊಂತೀನಿ,” ಎಂದಳು ಗಾಳೆಮ್ಮ. ಸುಳ್ಳು ಹೇಳುವಾಗ ಆಕೆ ಕಂಡಕ್ಟರ್ ದನಿಯಲ್ಲಿ ಮಾತಾಡುತ್ತಿದ್ದಳು, ತಟ್ಟನೆ, ಮುಖ ನೋಡದೆ. ಆವತ್ತು ಚಾಪೆಯಿಂದ ಎದ್ದವಳು ಬಟ್ಟಲನ್ನು ಕೋಣೆಯ ಕಿಟಕಿಯಲ್ಲೇ ಮರೆತು ಹೋದಳು. ಅದೇ ಕೊನೆಯ ಡ್ಯೂಟಿ.

ಸುಸ್ತಾದವರಿಗೆ ಆ ಕಡೆ ಎಲ್ಲರೂ ಮಾಡುವುದನ್ನೇ ಮನೆಯವರು ಮಾಡಿದರು. ಓಣಿಯ ಡಾಕ್ಟರನ್ನು ಕರೆದು ಗ್ಲೂಕೋಸ್ ಬಾಟ್ಲಿ ಹಾಕಿಸಿದರು. ಜ್ವರಕ್ಕೂ ಬಾಟ್ಲಿ, ಬಸುರಿಗೂ ಬಾಟ್ಲಿ, ಗದ್ದೆ ನಾಟಿ ಮಾಡಿ ನಡು ನೊಂದರೂ ಬಾಟ್ಲಿ. ಡಾಕ್ಟರು ಬೇಡವೆಂದರೂ ಇವರೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಹುಬ್ಬಳ್ಳಿಯ ಆಪರೇಷನ್ ಸುದ್ದಿಯನ್ನು ಉಚ್ಚೆಂಗಮ್ಮ ಆ ಡಾಕ್ಟರಿಗೂ ಹೇಳಲಿಲ್ಲ. ಓಣಿಯಲ್ಲಿ ಹಬ್ಬೀತು ಎಂದು. ಪಂಪಾವತಿ ಕಂಪ್ಲಿಗೆ ಬಂದು ನೋಡಿದಾಗ ಕಿಟಕಿಯ ಸರಳಿಗೆ ಗ್ಲೂಕೋಸ್ ಬಾಟ್ಲಿ ನೇತಾಡುತ್ತಿತ್ತು. ಖಾಲಿಯಾದವು ಮೂಲೆಯಲ್ಲಿ ಬಿದ್ದಿದ್ದವು.

ಗಾಳೆಮ್ಮನ ಕಣ್ಣುಗುಡ್ಡೆ ಒಂದು ಕಡೆ ನಿಲ್ಲದೆ ನಡುಗುತ್ತಿದ್ದವು.

“ಬಾಬೇ ಪಂಪಿ. ಇಬ್ರೂ ಬಂದೀರಲ್ಲ,” ಎಂದಳು.

“ನಾ ಒಬ್ಬಾಕಿನ ಬಂದೀನಿ, ಗಾಳವ್ವ.”

“ಹಿಂದ ಸರೀರಿ, ಹಿಂದ ಜಾಗ ಐತಿ.” ಬೆರಳಿನಿಂದ ಗಾಳಿಯಲ್ಲಿ ಮಷೀನು ಒತ್ತಿ, ಹರಿದು ಕೊಟ್ಟಳು. “ತಗೋರಿ. ಸೊನ್ನಿ. ಆಧಾರ್ ತೋರಸ್ರಿ.”

ಸುಂಕಪ್ಪ ಕಟ್ಟೆಯ ಮೇಲೆ ಕೂತು ಅಳುತ್ತಿದ್ದ. “ಗಾಳಿ ಸೋಕೈತಿ, ಅಂತ್ರ ಕಟ್ಟಸ್ಬೇಕು,” ಎಂದು ಉಚ್ಚೆಂಗಮ್ಮ ಅನ್ನುತ್ತಿದ್ದಳು. ಗುಳಿಗೆ ಎಲ್ಲಿ ಎಂದು ಪಂಪಾವತಿ ಕೂಗಾಡಿದ ಮೇಲೆ ಸ್ನೇಹಾ ಅಟ್ಟ ಹತ್ತಿ ಡಬ್ಬಿ ಇಳಿಸಿದಳು. ಚೀಟಿ ಸುತ್ತಿದ ಹಾಗೇ ಇತ್ತು. ಪಂಪಾವತಿ ಯಾರನ್ನೂ ಕೇಳದೆ ಗಾಡಿ ಕರೆಸಿದಳು. ದಾರಿಯುದ್ದಕ್ಕೂ ಗಾಳೆಮ್ಮ ಊರುಗಳ ಹೆಸರು ಕೂಗಿ ಇಳಿಸುತ್ತಿದ್ದಳು. ಗದಗ ದಾಟುವಾಗ, “ರಾಮಸಾಗರ, ರಾಮಸಾಗರ, ಜಲ್ದಿ ಇಳೀರಿ,” ಎಂದಳು. ಆಮೇಲೆ ಮಾತಾಡಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಓಡಿಬಂದು ಸೂಜಿಯ ಮೇಲೆ ಸೂಜಿ ಕೊಟ್ಟರು. ತಡವಾಗಿತ್ತು. ಎಲ್ಲ ಮುಗಿದ ಮೇಲೆ ಪಂಪಾವತಿಯನ್ನು ಪಕ್ಕಕ್ಕೆ ಕರೆದು ಹೇಳಿದರು. “ಸಕ್ಕರೆ ಇರಲಿಲ್ಲ. ಬಿಪಿ ಇರಲಿಲ್ಲ. ಲಿವರಿನ ಕೊಬ್ಬು ಕರಗಿತ್ತು. ಯಾವುದಕ್ಕಾಗಿ ಆಪರೇಷನ್ ಮಾಡಿಸಿಕೊಂಡರೋ ಅದೆಲ್ಲ ವಾಸಿಯಾಗಿತ್ತು. ವಾಂತಿಯಿಂದ, ಗುಳಿಗೆ ಬಿಟ್ಟಿದ್ದರಿಂದ ಬಿ-ಒಂದು ಅನ್ನೋ ವಿಟಮಿನ್ ಮೈಯಲ್ಲಿ ಮುಗಿದಿತ್ತು. ಅದಿಲ್ಲದ ಮೈಗೆ ಬರೀ ಗ್ಲೂಕೋಸ್ ಹೋದರೆ ಉಳಿದ ಚೂರೂ ಸುಟ್ಟುಹೋಗುತ್ತೆ. ಮೆದುಳು ತಡೆಯಲ್ಲ.” ಕೈಯಲ್ಲಿದ್ದ ಚೀಟಿ ಮಡಿಚುತ್ತ, “ಬಾಟ್ಲಿಗಿಂತ ಮೊದಲು ಆ ಒಂದು ಸೂಜಿ ಕೊಟ್ಟಿದ್ದರೆ…” ಎಂದವರು ಮಾತು ಮುಗಿಸಲಿಲ್ಲ.

ಊರಿಗೆ ಇದು ಬೇಕಿರಲಿಲ್ಲ. ಹೆಣ ಕಂಪ್ಲಿಗೆ ಬರುವ ಮೊದಲೇ ಕಥೆ ಸಿದ್ಧವಾಗಿತ್ತು. ಹೊಟ್ಟೆ ಕೊಯ್ಸಿಕೊಂಡಳು, ಸತ್ತಳು. ಇಂದಿಗೂ ಬಸ್ಸಿನಲ್ಲಿ ಹಾಗೇ ಹೇಳುತ್ತಾರೆ. ದಪ್ಪನೆಯ ಹೆಂಗಸೊಬ್ಬಳು ಹತ್ತಿದರೆ, ಗಾಳೆಮ್ಮನ ಹೆಸರು ಹಿಡಿದು ಅವಳಿಗೆ ಬುದ್ಧಿ ಹೇಳುತ್ತಾರೆ. ಸಂಡೂರಿನವರಂತೂ “ನಾವು ಮೊದಲಾ ಅಂದಿದ್ವಿ, ಏನೋ ರೋಗ ಐತಿ ಅಂತ” ಎಂದರು. ಅಂದರೂ ತಿಥಿಯ ದಿನದ ಊಟಕ್ಕೆ ಸಾಲಾಗಿ ಬಂದು ಕೂತರು.

ದಿನದ ಊಟಕ್ಕೆ ಪಂಪಾವತಿಯೂ ಹೋದಳು. ಗೋಡೆಗೆ ಒರಗಿಸಿದ ಫೋಟೋದಲ್ಲಿ ಗಾಳೆಮ್ಮ ಹಳೆಯ ಮೈಯಲ್ಲಿದ್ದಳು. ಗಲ್ಲದ ಕೆಳಗೆ ಗಲ್ಲ, ಮುಚ್ಚಿಹೋದ ಕಣ್ಣು. ತೆಳ್ಳಗಾದ ಮೇಲೆ ತೆಗೆದದ್ದು ಎಷ್ಟೋ ಇದ್ದವು. “ಅವು ಬ್ಯಾಡ, ಇದ್ರಾಗ ಲಕ್ಷಣ ಅದಾಳ,” ಎಂದು ಉಚ್ಚೆಂಗಮ್ಮ ಇದನ್ನೇ ಆರಿಸಿದ್ದಳು. ಫೋಟೋದ ಮುಂದೆ ಇಟ್ಟ ಎಡೆ ಮೂರು ಆಳು ಉಣ್ಣುವಷ್ಟಿತ್ತು. ಹೋಳಿಗೆ ಒಂದರ ಮೇಲೊಂದು, ಮೇಲಿನದರಿಂದ ತುಪ್ಪ ಇಳಿದು ಅನ್ನದೊಳಗೆ ಸೇರುತ್ತಿತ್ತು. ನೊಣ ಕೂತಿದ್ದವು. ಉಪವಾಸ ಬಿದ್ದು ಸತ್ತವಳ ಮುಂದೆ.

ಸಾಲು ಕೂತಿತು. ಪಂಪಾವತಿ ಕೂತಳು. ಎದುರಿಗೆ ಯಮನಮ್ಮ, ಅವಳ ಪಕ್ಕ ಅದೇ ಮುದುಕ, ಬೆರಳು ಆಗಲೇ ತುಪ್ಪದಲ್ಲಿ. ಅಗಿಯುವ ಸದ್ದು, ಸಾರು ಹೀರುವ ಸದ್ದು, ತೃಪ್ತಿಯ ತೇಗು. ಉಚ್ಚೆಂಗಮ್ಮ ಬುಟ್ಟಿ ಹಿಡಿದು ಬಂದಳು. ಅಳುತ್ತಿದ್ದಳು. ಅದು ನಾಟಕವಾಗಿರಲಿಲ್ಲ, ನಿಜವಾದ ಕಣ್ಣೀರೇ. ಪಂಪಾವತಿಗೆ ಅದನ್ನು ನೋಡಿ ಇನ್ನೂ ಹೇಸಿಗೆಯಾಯಿತು.

“ಒಂದಾ ಹಾಕ್ಕೊಂಡೀಯಲ್ಲಬೇ ಪಂಪಾವತಿ. ಇನ್ನೊಂದು ಹಾಕ್ಕೊ. ನೀ ಹೊಟ್ಟಿ ತುಂಬ ಉಂಡ್ರ ಅಕಿ ಜೀವಕ್ಕ ಸಮಾಧಾನ.”

ಹೋಳಿಗೆ ಎಲೆಯ ಮೇಲೆ ಬಿತ್ತು. ತುಪ್ಪದ ಸೌಟು ಬಾಗಿತು.

ಪಂಪಾವತಿ ಎದ್ದು ನಿಂತಳು.

ಸಾಲಿನ ಸದ್ದು ನಿಂತಿತು. ಉಣ್ಣುವ ಸಾಲಿನ ನಡುವೆ ಯಾರೂ ಹಾಗೆ ಏಳುವುದಿಲ್ಲ, ಅದೂ ಸಾವಿನ ಮನೆಯಲ್ಲಿ. “ಅಯ್ಯ, ಅನ್ನ ಬಿಟ್ಟು ಏಳ್ತಾರೇನಬೇ!” ಎಂದ ಮುದುಕ, ಬಾಯಿ ತುಂಬಿಕೊಂಡೇ.

“ಅವತ್ತು ಸಂಡೂರಾಗ ಆಕಿ ಹಿಂಗ ಎದ್ದಿದ್ರ ಇವತ್ತು ನೀವಿಲ್ಲಿ ಉಣ್ತಿರಲಿಲ್ಲ,” ಎಂದಳು ಪಂಪಾವತಿ. ದನಿ ಎತ್ತಲಿಲ್ಲ.

“ಕುಂದ್ರಸಬೇ ಅಕೀನ್ನ,” ಎಂದು ಉಚ್ಚೆಂಗಮ್ಮ ಸ್ನೇಹಾಳಿಗೆ ಹೇಳಿದಳು. ಸ್ನೇಹಾ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಬಂದಳು. ತಂಬಿಗೆ ಕೆಳಗಿಟ್ಟು, ಬಗ್ಗಿ, ಮುಟ್ಟದ ಹೋಳಿಗೆಯ ಸಮೇತ ಪಂಪಾವತಿಯ ಎಲೆಯನ್ನು ಮಡಿಚಿ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಅತ್ತೆಯಾಗಬೇಕಿದ್ದ ಯಮನಮ್ಮನ ಕಡೆ ನೋಡಲೂ ಇಲ್ಲ.

ಹಿತ್ತಲಲ್ಲಿ ಪಂಪಾವತಿಯ ಕೈಗೆ ನೀರು ಹಾಕುತ್ತ ಆ ಹುಡುಗಿ ಕೇಳಿದಳು, “ಚಿಗವ್ವ, ಅವ್ವನ ಸಣ್ಣ ಬಟ್ಲ ಎಲ್ಲಿಟ್ಟಾರೋ, ಎಷ್ಟು ಹುಡುಕಿದ್ರೂ ಸಿಗವಲ್ದು.”

“ಡಿಪೋದಾಗ ಐತಿ. ಕಿಟಕಿಯಾಗ.”

“ಅಲ್ಲೇ ಇರಲಿ ಬಿಡ್ರಿ. ಇಲ್ಲಿ ತಂದ್ರ ಅದಕ್ಕೂ ತುಪ್ಪ ಹಾಕ್ತಾರ.”

ಒಳಗೆ ಊಟ ಮತ್ತೆ ಶುರುವಾಗಿತ್ತು. ಪಂಪಾವತಿ ಬೂದಿ ಹಚ್ಚಿ ಮತ್ತೆ ಕೈ ತೊಳೆದಳು. ಬೆರಳಿನ ತುಪ್ಪದ ವಾಸನೆ ಹೋಗಲಿಲ್ಲ. ಒದ್ದೆ ಕೈಯಲ್ಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.